ತಾಯಿಯೊಬ್ಬಳ ವ್ರತವಲ್ಲ, ಮನೆಯ ವ್ರತ

ಮೇ 31ರಂದು ಧರ್ಮಸಭೆಯು ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂಧಿಸಿದ ಹಬ್ಬವನ್ನು ಆಚರಿಸುತ್ತದೆ. ಅದೇ ದಿನವನ್ನು ವಿಶ್ವ ಆರೋಗ್ಯ ಸಂಸ್ಥೆಯು ವಿಶ್ವ ತಂಬಾಕು ರಹಿತ ದಿನವೆಂದು ಗೊತ್ತುಪಡಿಸಿದೆ. ಇವೆರಡೂ ಒಂದೇ ದಿನಕ್ಕೆ ಕೂಡಿಬಂದುದು ಕೇವಲ ಆಕಸ್ಮಿಕ. ಆದರೂ ಅದರಲ್ಲಿ ನಮಗೊಂದು ಪಾಠವಿದೆ. ಸಂತ ಲೂಕನ ಶುಭಸಂದೇಶದ ಆ ಭೇಟಿಯಲ್ಲಿ ಇಬ್ಬರು ಗರ್ಭಿಣಿಯರು ಒಬ್ಬರನ್ನೊಬ್ಬರು ಕಂಡಾಗ, ಹೊರಗಿನ ದನಿಗೆ ಹರ್ಷದಿಂದ ಸ್ಪಂದಿಸಿದ್ದು ಇನ್ನೂ ಹುಟ್ಟಿರದ ಕೂಸು. ಹೊರಗಿನ ಸಂತೋಷವು ಗರ್ಭದೊಳಗೆ ತಲುಪುವುದಾದರೆ, ಹೊರಗಿನ ವಿಷವೂ ತಲುಪುತ್ತದೆ.

ಗರ್ಭಿಣಿಯರು ಧೂಮಪಾನವನ್ನು ತ್ಯಜಿಸಬೇಕೆಂದು ಹೇಳಿದರೆ, ಹುಬ್ಬಳ್ಳಿ-ಧಾರವಾಡದ ನಮ್ಮ ಕುಟುಂಬಗಳು “ನಮ್ಮ ಹೆಣ್ಣುಮಕ್ಕಳು ಸೇದುವುದೇ ಇಲ್ಲವಲ್ಲ” ಎಂದು ನಿಶ್ಚಿಂತೆಯಿಂದ ಕುಳಿತುಬಿಡುತ್ತವೆ. ಮಾತು ಬಹುಮಟ್ಟಿಗೆ ನಿಜ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಮಹಿಳೆಯರಲ್ಲಿ ಸೇದುವವರು ನೂರಕ್ಕೆ ಇಬ್ಬರು ಮಾತ್ರ. ಆದರೆ ಅದೇ ಸಮೀಕ್ಷೆಯು, ಹೊಗೆಯಿಲ್ಲದ ತಂಬಾಕನ್ನು ಬಳಸುವ ಮಹಿಳೆಯರು ನೂರಕ್ಕೆ ಹೆಚ್ಚುಕಡಿಮೆ ಹದಿಮೂರು ಮಂದಿ ಎಂದೂ ಹೇಳುತ್ತದೆ. ಊಟದ ತರುವಾಯ ಎಲೆ, ಅಡಿಕೆ, ಸುಣ್ಣದೊಡನೆ ಸೇರುವ ಚೂರು ತಂಬಾಕು, ಬೆಳಗಾವಿ ಸೀಮೆಯಲ್ಲಿ ಹಲ್ಲಿಗೆ ತಿಕ್ಕುವ ಮಿಶ್ರಿ, ದುಡಿಯುವ ತಾಯಂದಿರು ಹಸಿವು ಮರೆಯಲೆಂದು ದವಡೆಯಲ್ಲಿಡುವ ಕಡ್ಡಿಪುಡಿ, ಇವನ್ನು ನಾವು ಚಟವೆಂದು ಎಣಿಸುವುದೇ ಇಲ್ಲ. ನಿಪ್ಪಾಣಿಯ ತಂಬಾಕಿನ ಹೊಲಗಳು ನಮ್ಮಿಂದ ಬಹಳ ದೂರವಿಲ್ಲ. ದಿನವೂ ಕಣ್ಣಿಗೆ ಬೀಳುವ ವಸ್ತುವಿನ ಬಗ್ಗೆ ಭಯವೂ ಸವೆದುಹೋಗುತ್ತದೆ.

ಹೊಗೆಯಿಲ್ಲವೆಂದಮಾತ್ರಕ್ಕೆ ಹಾನಿಯಿಲ್ಲವೆಂದಲ್ಲ. ಅಗಿದ ತಂಬಾಕಿನ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕ ರಕ್ತಕ್ಕೆ ಸೇರಿ, ಮಾಸನ್ನು ದಾಟಿ ಕೂಸನ್ನು ಮುಟ್ಟುತ್ತದೆ, ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಮುಂಬಯಿಯ ಗರ್ಭಿಣಿಯರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಗೆಯಿಲ್ಲದ ತಂಬಾಕು ಬಳಸಿದ ತಾಯಂದಿರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಹೆರಿಗೆಯೂ ಸರಾಸರಿ ಆರು ದಿನ ಮುಂಚಿತವಾಗಿ ಆಗಿತ್ತು. “ಕೂಸು ಸಣ್ಣದಾದರೆ ಹೆರಿಗೆ ಸಲೀಸು” ಎನ್ನುವ ಹಿರಿಯರುಂಟು. ಎರಡೂವರೆ ಕಿಲೋಗಿಂತ ಕಡಿಮೆ ತೂಕದಿಂದ ಹುಟ್ಟಿದ ಮಗುವಿಗೆ ಸೋಂಕಿನ ಮತ್ತು ಮರಣದ ಭಯ ಅಧಿಕವೆಂಬುದನ್ನು ಅಂಥವರಿಗೆ ವಿನಯದಿಂದಲೇ ತಿಳಿಸಬೇಕಾಗಿದೆ.

ಇನ್ನು ಸೇದುವವರ ಮಾತು. ತಾಯಿ ಸೇದದಿದ್ದರೂ ತಂದೆ ಸೇದುತ್ತಾನೆ. ಒಂದೇ ಕೋಣೆಯ ಮನೆಯಲ್ಲಿ, ಅಡಿಗೆಯ ಒಲೆಯ ಪಕ್ಕದಲ್ಲಿ, ಮಲಗುವ ಹಾಸಿಗೆಯ ಬದಿಯಲ್ಲಿ ಅವನು ಬಿಟ್ಟ ಬೀಡಿಯ ಹೊಗೆಯನ್ನು ಅವಳು ಉಸಿರಾಡುತ್ತಾಳೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವು ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಕೆಂಪು ಕಣಗಳನ್ನು ಹಿಡಿದುಕೊಂಡು, ಕೂಸಿಗೆ ಸಲ್ಲಬೇಕಾದ ಪ್ರಾಣವಾಯುವಿನ ಪಾಲನ್ನು ಕಸಿಯುತ್ತದೆ. ಪರರ ಹೊಗೆಯಿಂದಲೂ ಕಡಿಮೆ ತೂಕದ ಹೆರಿಗೆ, ಗರ್ಭದಲ್ಲೇ ಶಿಶುಮರಣ ಇವುಗಳ ಅಪಾಯ ಹೆಚ್ಚುವುದೆಂದು ವೈದ್ಯಶಾಸ್ತ್ರವು ಸಿದ್ಧಪಡಿಸಿದೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲ ವರ್ಷಗಳ ಹಿಂದೆ ಯುವಕನೊಬ್ಬನು ನಸುಕಿನಲ್ಲಿ ಗುರುನಿವಾಸದ ಬಾಗಿಲು ತಟ್ಟಿದನು. ತಿಂಗಳು ತುಂಬುವ ಮೊದಲೇ ಹುಟ್ಟಿದ ಅವನ ಮಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ತುರ್ತಾಗಿ ಸ್ನಾನದೀಕ್ಷೆ ಕೊಡಬೇಕೆಂದು ಕೇಳಿದನು. ಅಂಗೈಯಷ್ಟೇ ಇದ್ದ ಆ ತಲೆಗೆ ನೀರು ಹನಿಸಿ ಹೊರಬಂದಾಗ, ಅವನು ಕಾರಿಡಾರಿನ ತುದಿಯಲ್ಲಿ ನಡುಗುವ ಕೈಯಿಂದ ಬೀಡಿ ಹಚ್ಚುತ್ತಿದ್ದನು. ಮಗು ಬದುಕಿತು. ಅದು ಬೇಗ ಹುಟ್ಟಿದ್ದಕ್ಕೆ ಬೀಡಿಯೇ ಕಾರಣವೆಂದು ಯಾರೂ ಹೇಳಲಾರರು, ನಾವೂ ಹೇಳುವುದಿಲ್ಲ. ಆದರೆ ಅದಕ್ಕೆ ಏಳು ತಿಂಗಳ ಮುಂಚೆ, ಹೆಂಡತಿ ಬಸುರಿಯೆಂಬ ಸಿಹಿಸುದ್ದಿಯನ್ನು ಅದೇ ಬೀಡಿಯ ವಾಸನೆಯೊಡನೆ ಅವನು ತಂದಾಗ ನಾವು ಆಶೀರ್ವದಿಸಿ ಕಳಿಸಿದೆವು. ಒಂದು ಮಾತೂ ಆಡಲಿಲ್ಲ. ಮದ್ಯದ ವಿರುದ್ಧ ಪೀಠದಿಂದ ಎಷ್ಟೋ ಸಲ ಗುಡುಗಿದ ನಾವು ತಂಬಾಕನ್ನು ಸಣ್ಣ ವಿಷಯವೆಂದು ಬಿಟ್ಟಿದ್ದೆವು.

ಧರ್ಮಸಭೆ ಅದನ್ನು ಸಣ್ಣದೆಂದು ಬಿಟ್ಟಿಲ್ಲ. ಮಿತಸಂಯಮದ ಸದ್ಗುಣವನ್ನು ವಿವರಿಸುವಾಗ ಕಥೋಲಿಕ ಧರ್ಮೋಪದೇಶ ಗ್ರಂಥವು ಆಹಾರ, ಮದ್ಯಗಳ ಜೊತೆಯಲ್ಲೇ ತಂಬಾಕಿನ ಅತಿಬಳಕೆಯನ್ನೂ ಹೆಸರಿಸಿ ಎಚ್ಚರಿಸುತ್ತದೆ. ಜಗದ್ಗುರು ಫ್ರಾನ್ಸಿಸರು ವ್ಯಾಟಿಕನ್ನಿನಲ್ಲಿ ಸಿಗರೇಟು ಮಾರಾಟವನ್ನು ನಿಲ್ಲಿಸಲು 2017ರಲ್ಲಿ ನಿರ್ಧರಿಸಿದರು. ಜನರ ಆರೋಗ್ಯಕ್ಕೆ ಕೇಡಾಗುವುದರಿಂದ ಬರುವ ಆದಾಯ ಬೇಡವೆಂಬುದೇ ಅದರ ಕಾರಣವಾಗಿತ್ತು.

ಹಾಗೆಂದು ಚಟಕ್ಕೆ ಸಿಲುಕಿದ ತಾಯಿಯನ್ನು ಪಾಪಿಯೆಂದು ಕಟಕಟೆಗೆ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ಅಜ್ಞಾನವೂ ರೂಢಿಯೂ ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸುತ್ತವೆ ಎಂಬುದು ನಮ್ಮ ನೀತಿಶಾಸ್ತ್ರದ ಹಳೆಯ ವಿವೇಕ. ಹತ್ತು ವರ್ಷ ಅಗಿದವಳಿಗೆ ಹತ್ತು ದಿನದಲ್ಲಿ ಬಿಡುವುದು ಕಷ್ಟ. ಬೈದರೆ ಅವಳು ಬಿಡುವುದಿಲ್ಲ, ಬಚ್ಚಿಡುತ್ತಾಳೆ, ವೈದ್ಯರಿಗೂ ಹೇಳುವುದಿಲ್ಲ. ಆದರೆ ತಿಳಿದ ಮೇಲೂ ಹಿಂದಿನಂತೆಯೇ ನಡೆಯುವವನಿಗೆ ಅಜ್ಞಾನದ ಆಶ್ರಯವಿಲ್ಲ. ಈ ಮಾತು ಮೊದಲು ಗಂಡಸರಿಗೆ ಅನ್ವಯಿಸುತ್ತದೆ.

ನ್ಯಾಯಸ್ಥಾಪಕರ ಗ್ರಂಥದ 13ನೇ ಅಧ್ಯಾಯವನ್ನು ಮನೆಯಲ್ಲಿ ಕೂಡಿ ಓದಿ ನೋಡಬೇಕು. ಸಂಸೋನನ ತಾಯಿಗೆ, ಮಗು ಹುಟ್ಟುವ ಮೊದಲೇ ಮದ್ಯವನ್ನು ಮುಟ್ಟಬಾರದೆಂದು ದೇವದೂತನು ವಿಧಿಸಿದನು. ಆದರೆ ಅವಳ ಗಂಡ ಮಾನೋಹನು ಇದು ಹೆಂಗಸಿನ ವಿಷಯವೆಂದು ಕೈತೊಳೆದುಕೊಳ್ಳಲಿಲ್ಲ. ಆ ಕೂಸಿಗಾಗಿ ತಾವು ಏನು ಮಾಡಬೇಕೆಂದು ತಿಳಿಸಲು ದೂತನನ್ನು ಮತ್ತೊಮ್ಮೆ ಕಳಿಸೆಂದು ಅವನು ದೇವರನ್ನು ಬೇಡಿಕೊಂಡನು. ನಮ್ಮ ಮನೆಗಳಿಗೆ ಬೇಕಾಗಿರುವುದು ಹೀಗೆ ಕೇಳುವ ಗಂಡಂದಿರು. ಪ್ರೀತಿಯೆಂದರೆ ಮತ್ತೊಬ್ಬರ ಒಳಿತನ್ನು ಬಯಸುವುದೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಆ ಒಳಿತು ಇಂದು ಗಂಡನ ಜೇಬಿನಲ್ಲಿರುವ ಬೆಂಕಿಪೊಟ್ಟಣವನ್ನು ಹೊರಗೆಸೆಯುವುದರಲ್ಲಿದೆ.

ಬಿಡುವುದರ ಫಲ ಬೇಗನೆ ದೊರೆಯುತ್ತದೆ. ನಿಲ್ಲಿಸಿದ ಒಂದೆರಡು ದಿನಗಳಲ್ಲೇ ಆ ವಿಷಾನಿಲವು ರಕ್ತದಿಂದ ಬಹುತೇಕ ಹೊರಹೋಗುತ್ತದೆ. ಸೇದುವ ತಾಯಿಯು ಆರಂಭದ ತಿಂಗಳುಗಳಲ್ಲೇ ಬಿಟ್ಟರೆ ಕಡಿಮೆ ತೂಕದ ಅಪಾಯವು ಸೇದದವರ ಮಟ್ಟಕ್ಕೆ ಸಮೀಪ ಬರುತ್ತದೆ. ತಡವಾಗಿ ಬಿಟ್ಟರೂ ಲಾಭವೇ. ಹಠಾತ್ತನೆ ಬಿಟ್ಟರೆ ಕೂಸಿಗೆ ತೊಂದರೆ ಎಂಬುದು ಸುಳ್ಳು ನಂಬಿಕೆ. ತಂಬಾಕಿನ ಒಂದೊಂದು ಸೆಳೆತವೂ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಆ ನಿಮಿಷಗಳಲ್ಲಿ ಒಂದು ಲೋಟ ನೀರು, ನಾಲ್ಕು ಹೆಜ್ಜೆ ನಡಿಗೆ, ಒಂದು ಪ್ರಾರ್ಥನೆ ನೆರವಾದೀತು. ಗರ್ಭಿಣಿಯರು ಚಟ ಬಿಡಿಸುವ ಔಷಧಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. 1800-11-2356 ಎಂಬ ರಾಷ್ಟ್ರೀಯ ದೂರವಾಣಿಯಲ್ಲಿ ಶುಲ್ಕವಿಲ್ಲದೆ ಸಲಹೆ ದೊರೆಯುತ್ತದೆ. ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಗಳಿಗೆ ಚಿಕಿತ್ಸೆಯಿದೆ.

ಕೆಲವು ಸಣ್ಣ ನಿರ್ಧಾರಗಳನ್ನು ನಾವು ಎಲ್ಲ ಕುಟುಂಬಗಳ ಮುಂದಿಡುತ್ತೇವೆ. ಮನೆಯಲ್ಲಿ ಬಸುರಿಯಿರುವಾಗ ಒಳಗೆ ಯಾರೂ, ಅತಿಥಿಗಳೂ ಸಹ, ಸೇದಬಾರದು. ಹಿತ್ತಲಿಗೆ ಹೋಗಿ ಸೇದುವುದು ಅರ್ಧ ದಾರಿ. ಪೂರ್ತಿ ಬಿಡುವುದೇ ಗುರಿ. ಕುಬಸದ ಕಾರ್ಯದ ತಟ್ಟೆಯಲ್ಲಿ ತಂಬಾಕು ಇರಬಾರದು. ತವರಿನಲ್ಲಿ ತಾಯಿಯಾದವಳು ಮಗಳಿಗಾಗಿ ತಾನೂ ಬಿಡಲಿ. ವಿವಾಹ ಸಿದ್ಧತೆಯ ಶಿಬಿರಗಳಲ್ಲಿ ಈ ವಿಷಯಕ್ಕೆ ಒಂದು ಗಂಟೆ ಮೀಸಲಾಗಲಿ. ನಮ್ಮ ಧರ್ಮಕೇಂದ್ರದಿಂದಲೇ ಅದನ್ನು ಆರಂಭಿಸುತ್ತೇವೆ.

ತಪಸ್ಸುಕಾಲದ ನಲವತ್ತು ದಿನ ಮಾಂಸವನ್ನೂ ಬೀಡಿಯನ್ನೂ ಬಿಟ್ಟು, ಪಾಸ್ಕ ಹಬ್ಬದ ಸಂಜೆಗೆ ಮತ್ತೆ ಹಿಡಿಯುವವರನ್ನು ನಾವು ಬಲ್ಲೆವು. ನಲವತ್ತು ದಿನ ಬಿಡಬಲ್ಲವನಿಗೆ ಶಕ್ತಿಯಿಲ್ಲವೆಂದು ಯಾರು ಹೇಳಬೇಕು? ಗರ್ಭದ ಒಂಬತ್ತು ತಿಂಗಳು ಇಡೀ ಮನೆಗೆ ತಪಸ್ಸುಕಾಲವಾಗಲಿ. ಹೆರಿಗೆಯಾದ ಮೇಲೆ ತೊಟ್ಟಿಲ ಸುತ್ತಲೂ ಅದೇ ವ್ರತ ಮುಂದುವರಿಯಲಿ. ಎಲಿಜಬೇತಮ್ಮನವರ ಮನೆಗೆ ಮಾತೆ ಮರಿಯಮ್ಮನವರು ಕ್ರಿಸ್ತರನ್ನು ಹೊತ್ತು ಬಂದರು. ನಮ್ಮ ಮನೆಗೆ ಬರಲಿರುವ ಕೂಸೂ ದೇವರ ಸ್ವರೂಪವನ್ನೇ ಹೊತ್ತು ಬರುತ್ತದೆ. ಅದರ ಮೊದಲ ಉಸಿರಿಗೆ ಶುದ್ಧವಾದ ಗಾಳಿಯನ್ನು ಸಿದ್ಧಮಾಡಿಡುವುದು ನಮ್ಮೆಲ್ಲರ ಹೊಣೆ.