ಬೆಳಕಿನ ವೇಗವೂ ನಮ್ಮ ಅಭಿಮಾನವೂ

ಭೂಮಿಯ ಆಕರ್ಷಣವನ್ನು ನಿರಾಕರಿಸಿ ತಾನಾಗಿಯೇ ಮೇಲಕ್ಕೇಳುವ ಯಂತ್ರ, ಬೆಳಕನ್ನು ಹಿಂದಕ್ಕೆ ಹಾಕಿ ನಕ್ಷತ್ರಲೋಕವನ್ನು ಮುಟ್ಟುವ ನೌಕೆ, ಇವೆರಡನ್ನು ಕುರಿತ ಊಹಾಪೋಹಗಳು ವಿದ್ಯಾವಂತರ ನಡುವೆ ಮತ್ತೆ ಮತ್ತೆ ತಲೆಯೆತ್ತುತ್ತಿರುವುವಷ್ಟೆ. ಊಹೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಊಹಿಸಲಾರದ ಜನಾಂಗವು ಏನನ್ನೂ ಕಂಡುಹಿಡಿಯಲಾರದು. ಆದರೆ ಈ ಚರ್ಚೆ ನಡೆದೆಡೆಯಲ್ಲೆಲ್ಲ "ಇದೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದೇ ಇದ್ದಿತು" ಎಂಬ ಮಾತೊಂದು ತಪ್ಪದೆ ಬರುತ್ತದೆ. ಬಂದೊಡನೆ ಕರತಾಡನವೂ ಆಗುತ್ತದೆ. ಸ್ವದೇಶಾಭಿಮಾನವನ್ನೇ ಉಸಿರಾಗಿಟ್ಟುಕೊಂಡಿರುವ ಪತ್ರಿಕೆಯಾದುದರಿಂದಲೇ ಈ ಕರತಾಡನದ ವಿಷಯದಲ್ಲಿ ಎರಡು ಮಾತನ್ನಾಡುವ ಹೊಣೆ ನಮಗಿದೆ.

ಮೊದಲು ದೂರದ ಲೆಕ್ಕವನ್ನು ನೋಡೋಣ. 1977ರಲ್ಲಿ ಅಮೆರಿಕದವರು ಹಾರಿಸಿದ ವಾಯೇಜರ್ ನೌಕೆಯು ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಸರಿಯುತ್ತಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರದಿಂದ ಬೆಳಕು ಬರುವುದಕ್ಕೇ ನಾಲ್ಕು ವರ್ಷಗಳಿಗೂ ಮೇಲ್ಪಟ್ಟು ಹಿಡಿಯುತ್ತದೆ; ಆ ದೂರವನ್ನು ವಾಯೇಜರಿನ ವೇಗದಲ್ಲಿ ಕ್ರಮಿಸಬೇಕಾದರೆ ಎಪ್ಪತ್ತು ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ಮನುಷ್ಯನಿಗೆ ಬೆಳಕನ್ನು ಮೀರುವ ಆಸೆ ಹುಟ್ಟಿದುದರಲ್ಲಿ ಆಶ್ಚರ್ಯವೇನು? ಆದರೆ ಐನ್‌ಸ್ಟೈನ್ ಮಹಾಶಯನು 1905ರಲ್ಲಿ ಹಾಕಿದ ಕಟ್ಟು ಇಂದಿಗೂ ಸಡಿಲವಾಗಿಲ್ಲ. ಪದಾರ್ಥವೊಂದರ ವೇಗವನ್ನು ಬೆಳಕಿನ ವೇಗದ ಹತ್ತಿರಕ್ಕೆ ಏರಿಸಿದಂತೆಲ್ಲ ಅದಕ್ಕೆ ಒದಗಿಸಬೇಕಾದ ಶಕ್ತಿಯು ಮಿತಿಯಿಲ್ಲದೆ ಬೆಳೆಯುತ್ತದೆ.

ಈ ಕಟ್ಟಿನ ಪಕ್ಕದಲ್ಲಿ ದಾರಿಯುಂಟೇ ಎಂದು ಧೈರ್ಯವಾಗಿ ಕೇಳಿದವರಲ್ಲಿ ನಮ್ಮವರೇ ಒಬ್ಬರಿದ್ದರೆಂಬುದನ್ನು ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಕೇರಳದಲ್ಲಿ ಹುಟ್ಟಿ, ಅಮೆರಿಕದಲ್ಲಿ ಕೀರ್ತಿ ಗಳಿಸಿ, ಮುಂದೆ ಬೆಂಗಳೂರಿನ ಟಾಟಾ ವಿಜ್ಞಾನಮಂದಿರದಲ್ಲಿ ಸೈದ್ಧಾಂತಿಕ ಅಧ್ಯಯನದ ಕೇಂದ್ರವನ್ನು ನಡೆಸಿದ ಇ. ಸಿ. ಜಿ. ಸುದರ್ಶನರು ಬಿಲಾನಿಯುಕ್ ಮತ್ತು ದೇಶಪಾಂಡೆ ಎಂಬ ಇಬ್ಬರೊಡಗೂಡಿ 1962ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಹಿಮಾಲಯವನ್ನು ಯಾರೂ ದಾಟಲಾರರೆಂದ ಮಾತ್ರಕ್ಕೆ ಅದರ ಆಚೆ ಜನರೇ ಇಲ್ಲವೆಂದು ಹೇಳಲಾದೀತೇ, ಅವರು ಅಲ್ಲಿಯೇ ಹುಟ್ಟಿದವರಲ್ಲವೇ ಎಂಬುದು ಸುದರ್ಶನರು ಕೊಟ್ಟ ದೃಷ್ಟಾಂತದ ಸಾರ. ಅದರಂತೆಯೇ, ಹುಟ್ಟಿನಿಂದಲೇ ಬೆಳಕಿಗಿಂತ ವೇಗವಾಗಿರುವ ಕಣಗಳಿದ್ದರೆ ಐನ್‌ಸ್ಟೈನನ ನಿಯಮಕ್ಕೆ ಭಂಗವಿಲ್ಲ. ಎಂಥ ಸೊಗಸಾದ ವಾದ! ಆ ಕಣಗಳಿಗೆ ಟೇಕಿಯಾನ್ ಎಂಬ ಹೆಸರು 1967ರಲ್ಲಿ ಬಂದಿತು. ಪ್ರಯೋಗಶಾಲೆಗಳಲ್ಲಿ ಅವುಗಳನ್ನು ಹುಡುಕಿದರು, ಸಿಕ್ಕಲಿಲ್ಲ. ಅದರಿಂದ ಸುದರ್ಶನರ ಗೌರವವು ಎಳ್ಳಷ್ಟೂ ಕುಂದಲಿಲ್ಲ. ಹುಡುಕಿ ನೋಡುವುದಕ್ಕೆ ಎಡೆಗೊಡುವಂತೆ ಹೇಳಿದ ಮಾತು ಅದು. ಮೆಕ್ಸಿಕೋ ದೇಶದ ಆಲ್ಕುಬಿಯರ್ ಎಂಬಾತನು 1994ರಲ್ಲಿ ಆಕಾಶವನ್ನೇ ಮುಂದೆ ಕುಗ್ಗಿಸಿ ಹಿಂದೆ ಹಿಗ್ಗಿಸಿ ನೌಕೆಯನ್ನು ಸಾಗಿಸುವ ಗಣಿತವನ್ನು ತೋರಿಸಿದನು. ಅದಕ್ಕೆ ಬೇಕಾಗುವ ಋಣಶಕ್ತಿಯ ರಾಶಿಯನ್ನು ಒದಗಿಸುವ ಬಗೆ ಮಾತ್ರ ಯಾರಿಗೂ ತಿಳಿಯದು.

ಇನ್ನೊಂದು ಪ್ರಸಂಗವನ್ನು ವಾಚಕರು ಮರೆತಿರಲಾರರು. ಜಿನೀವಾದ ಬಳಿಯಿಂದ ಇಟಲಿಯ ಗ್ರಾನ್ ಸಾಸೋ ಪರ್ವತದ ಒಡಲಿಗೆ ಸುಮಾರು 730 ಕಿಲೋಮೀಟರ್ ದೂರ ಕಳುಹಿಸಿದ ನ್ಯೂಟ್ರಿನೋ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮುಂಚಿತವಾಗಿ ತಲಪಿದುವೆಂದು 2011ರ ಸೆಪ್ಟೆಂಬರಿನಲ್ಲಿ ಆಪೆರಾ ತಂಡದವರು ಪ್ರಕಟಿಸಿದರು. (ನ್ಯೂಟ್ರಿನೋ ನಮ್ಮ ನಾಡಿಗೆ ಹೊಸದಲ್ಲ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಮೊದಲು ಗುರುತಿಸಿದ ಸ್ಥಳಗಳಲ್ಲಿ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ.) ಐನ್‌ಸ್ಟೈನನು ಬಿದ್ದನೆಂದು ಜಗತ್ತಿನ ಪತ್ರಿಕೆಗಳು ಡಂಗುರ ಹೊಡೆದುವು. ಆದರೆ ಆ ತಂಡದವರು ಹಿಗ್ಗಿ ಕುಣಿಯಲಿಲ್ಲ. ತಮ್ಮ ಲೆಕ್ಕವನ್ನು ಪರೀಕ್ಷಿಸಬೇಕೆಂದು ಲೋಕವನ್ನೇ ಕೇಳಿಕೊಂಡರು. ಮರುವರ್ಷ ದೋಷ ಸಿಕ್ಕಿತು. ಬೆಳಕಿನ ಸಂಜ್ಞೆಯನ್ನು ಒಯ್ಯುವ ತಂತಿಯೊಂದು ಸರಿಯಾಗಿ ಕೂತಿರಲಿಲ್ಲ! ಅದೇ ಪರ್ವತದೊಳಗಿನ ಇನ್ನೊಂದು ತಂಡವು ಅಳೆದಾಗ ನ್ಯೂಟ್ರಿನೋ ಬೆಳಕನ್ನು ಮೀರಿರಲಿಲ್ಲ.

ಗುರುತ್ವದ ಕಥೆಯೂ ಇದರಂತೆಯೇ. ಬಾಲ್ಯದಲ್ಲಿ ನೀರಿನಲ್ಲಿ ಮುಳುಗಿ ಸತ್ತ ಸೋದರಿಯ ದುಃಖದಿಂದ ಗುರುತ್ವಾಕರ್ಷಣವನ್ನೇ ಶತ್ರುವೆಂದೆಣಿಸಿದ ರೋಜರ್ ಬಾಬ್ಸನ್ ಎಂಬ ಅಮೆರಿಕದ ಧನಿಕನು ಅದನ್ನು ತಡೆಯುವ ತೆರೆಯೊಂದನ್ನು ಕಂಡುಹಿಡಿಸಬೇಕೆಂದು 1948ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿದನು. ತೆರೆ ಸಿಕ್ಕಲಿಲ್ಲ, ಸಂಸ್ಥೆಯ ಪ್ರಬಂಧ ಬಹುಮಾನವು ಮಾತ್ರ ಗುರುತ್ವದ ನಿಜವಾದ ಅಧ್ಯಯನಕ್ಕೆ ಆಸರೆಯಾಯಿತು. 1971ರಲ್ಲಿ ಅದನ್ನು ಪಡೆದವನು ಸ್ಟೀಫನ್ ಹಾಕಿಂಗ್. ಪ್ರತಿದ್ರವ್ಯವಾದರೂ ಮೇಲಕ್ಕೆ ಬಿದ್ದೀತೆಂಬ ಆಸೆಯೊಂದು ಉಳಿದಿದ್ದಿತು. ಜಿನೀವಾದ ಆಲ್ಫಾ ತಂಡದವರು ಪ್ರತಿಜಲಜನಕದ ಪರಮಾಣುಗಳನ್ನು ಹಿಡಿದಿಟ್ಟು ಬಿಟ್ಟು ನೋಡಿ, ಅವೂ ಕೆಳಕ್ಕೇ ಬೀಳುತ್ತವೆಂದು 2023ರಲ್ಲಿ ತಿಳಿಸಿದರು.

ಈಗ ನಮ್ಮ ಮನೆಯ ವಿಚಾರ. ಪ್ರಾಚೀನ ವಿಮಾನಗಳಿಗೆ ಗುರುತ್ವವನ್ನು ಮೀರುವ ಶಕ್ತಿಯಿದ್ದಿತೆನ್ನುವವರು ಮುಂದೊಡ್ಡುವ ವೈಮಾನಿಕ ಶಾಸ್ತ್ರವು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹೇಳಿ ಬರೆಯಿಸಿದುದು. ಅದನ್ನು ಭರದ್ವಾಜ ಮಹರ್ಷಿಗಳದೆಂದು ನಂಬಲಾಗಿದೆ. ಶಾಸ್ತ್ರಿಗಳ ಪಾಂಡಿತ್ಯವನ್ನಾಗಲಿ ಸನ್ನಡತೆಯನ್ನಾಗಲಿ ನಾವು ಪ್ರಶ್ನಿಸುವುದಿಲ್ಲ. ಆದರೆ ಅದೇ ಟಾಟಾ ವಿಜ್ಞಾನಮಂದಿರದ ಮುಕುಂದ ಮೊದಲಾದ ಐವರು ವಿದ್ವಾಂಸರು 1974ರಲ್ಲಿ ಗ್ರಂಥವನ್ನು ಸಾಲುಸಾಲಾಗಿ ಪರಿಶೀಲಿಸಿ, ಅದರ ಭಾಷೆ ಆಧುನಿಕ ಸಂಸ್ಕೃತವೆಂದೂ, ಅದು 1904ಕ್ಕಿಂತ ಹಿಂದಿನದಾಗಿರಲಾರದೆಂದೂ, ಅದರಲ್ಲಿ ಚಿತ್ರಿಸಿರುವ ವಿಮಾನಗಳಲ್ಲಿ ಒಂದೂ ಹಾರಲಾರದೆಂದೂ ತೀರ್ಮಾನಿಸಿದರು. ಆ ಐವರೂ ಈ ದೇಶದ ಮಕ್ಕಳೇ. ಹೀಗಿದ್ದೂ 2015ರಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಪ್ರಬಂಧವೊಂದಕ್ಕೆ ವೇದಿಕೆ ದೊರೆಯಿತು, ಹೊರದೇಶದವರು ನಕ್ಕರು.

ಬೆಳಕಿನ ವೇಗಕ್ಕೂ ಇಂಥದೊಂದು ಆಧಾರವನ್ನು ಹೇಳುವುದುಂಟು. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ವೇದಭಾಷ್ಯವನ್ನು ರಚಿಸಿದ ಸಾಯಣಾಚಾರ್ಯರು ಅರ್ಧ ನಿಮಿಷಕ್ಕೆ 2202 ಯೋಜನವೆಂಬ ಸ್ಮೃತಿಯೊಂದನ್ನು ಉದಾಹರಿಸಿದ್ದಾರೆ. ಅಲ್ಲಿ ನಿಮಿಷವೆಂದರೆ ರೆಪ್ಪೆ ಬಡಿಯುವಷ್ಟು ಕಾಲ. ಪಾಠಶಾಲೆಯ ಮಣೆಯ ಮೇಲೆ ಕೂತು ಕಲಿತವರಾದ ನಮಗೆ ಆಚಾರ್ಯರಲ್ಲಿರುವ ಭಕ್ತಿ ಯಾರಿಗೂ ಕಡಮೆಯದಲ್ಲ. ಆದರೆ ಆ ಮಾತು ಸಂಚರಿಸುವ ಸೂರ್ಯನನ್ನು ಕುರಿತದ್ದು. ಯೋಜನದ ಉದ್ದವೂ ನಿಮಿಷದ ಅವಧಿಯೂ ಗ್ರಂಥದಿಂದ ಗ್ರಂಥಕ್ಕೆ ಬೇರೆ. ಇಂದಿನ ಅಂಕಿಯನ್ನು ಮುಂದಿಟ್ಟುಕೊಂಡು ಅದಕ್ಕೆ ಹೊಂದುವ ಅಳತೆಗೋಲನ್ನು ಆರಿಸಿಕೊಂಡರೆ ಯಾವ ಉತ್ತರ ತಾನೆ ಬಾರದು?

ಪರಕೀಯರು ನಮ್ಮ ಹಿರಿಯರನ್ನು ಬಹುಕಾಲ ಹೀನಾಯವಾಗಿ ಕಂಡರು, ಅದಕ್ಕಿದು ಪ್ರತ್ಯುತ್ತರ ಎಂದು ನಮ್ಮ ಕೆಲವು ಮಿತ್ರರು ವಾದಿಸುತ್ತಾರೆ. ಅವರ ನೋವು ನಮ್ಮದೂ ಹೌದು. ಆದರೆ ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತಿದೆಯೆಂದು ಕ್ರಿ.ಶ. 499ರ ಸುಮಾರಿಗೇ ಹೇಳಿದ ಆರ್ಯಭಟನ ಮಾತನ್ನು ಯಾವ ದೇಶದವರು ಬೇಕಾದರೂ ತೂಗಿ ನೋಡಬಹುದು. ಅವನ ಪಕ್ಕದಲ್ಲಿ ಹಾರಲಾರದ ವಿಮಾನವನ್ನು ತಂದು ನಿಲ್ಲಿಸಿದರೆ, ನಕ್ಕವರು ಇಬ್ಬರನ್ನೂ ಕೂಡಿಯೇ ನಗುತ್ತಾರೆ. ನಷ್ಟವಾಗುವುದು ಆರ್ಯಭಟನಿಗೆ, ಹೈಸ್ಕೂಲಿನಲ್ಲಿ ಇದನ್ನು ನಿಜವೆಂದು ಕಲಿತು ಮುಂದೆ ಪರರ ಸಭೆಯಲ್ಲಿ ತಲೆತಗ್ಗಿಸಬೇಕಾದ ನಮ್ಮ ಹುಡುಗನಿಗೆ.

ಆದುದರಿಂದ ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮದೊಂದು ಬಿನ್ನಹ. 1974ರ ಆ ಪರಿಶೀಲನ ಲೇಖನವನ್ನು ಸುಲಭವಾದ ಕನ್ನಡದಲ್ಲಿ ಅಚ್ಚುಮಾಡಿಸಿ, ಸುದರ್ಶನರ ಟೇಕಿಯಾನ್ ವಾದದ ಸಂಗ್ರಹವನ್ನೂ ಅದರೊಡನೆ ಸೇರಿಸಿ, ಪ್ರತಿಯೊಂದು ಹೈಸ್ಕೂಲಿನ ಪುಸ್ತಕಭಂಡಾರಕ್ಕೂ ಕಳುಹಿಸಿಕೊಡಬೇಕು. ಎರಡೂ ಸೇರಿ ಒಂದು ಸಣ್ಣ ಪುಸ್ತಿಕೆಯನ್ನು ಮೀರಲಾರವು, ವೆಚ್ಚವೂ ಹೆಚ್ಚಾಗದು.