ನಕ್ಷೆಯ ಮೇಲಿನ ಹೆಸರು

ಸೇಲಂ ಸಮೀಪದ ಬಿಳಿಯ ಗುಡ್ಡಗಳಿಗೆ ಆಂಗ್ಲರು ಸೀಮೆಸುಣ್ಣದ ಹೆಸರಿಟ್ಟರು, ಅಲ್ಲಿರುವುದು ಮ್ಯಾಗ್ನೆಸೈಟ್. ಕಲ್ಲಿನ ಗುರುತು ನೆಲದ ಮೇಲೆ ನಡೆದವನಿಗೇ ಸಿಕ್ಕುವುದು.

ಕಮ್ಮಾರನ ಮಗನಾದ ವಿಲಿಯಂ ಸ್ಮಿತ್, ಕಾಲುವೆಗಳ ಅಳತೆಗಾರನಾಗಿ ಇಂಗ್ಲೆಂಡನ್ನೆಲ್ಲ ಸುತ್ತಿ, ಶಿಲಾಪದರಗಳನ್ನು ಅವುಗಳೊಳಗಿನ ಪಳೆಯುಳಿಕೆಗಳಿಂದ ಗುರುತಿಸಿ, 1815ರಲ್ಲಿ ಆ ದೇಶದ ಭೂಗರ್ಭ ನಕ್ಷೆಯನ್ನು ಪ್ರಕಟಿಸಿದನು. ಅಚ್ಚಾದುವು ಸುಮಾರು 400 ಪ್ರತಿಗಳು. ಇಂದು ಅವು ದುರ್ಲಭ. 1819ರಲ್ಲಿ ಆತನು ಸಾಲಕ್ಕಾಗಿ ಸೆರೆಮನೆ ಸೇರಿದನು. ಮರುವರ್ಷ ಸಿರಿವಂತ ಗ್ರೀನೋ ಲಂಡನ್ನಿನ ಭೂಗರ್ಭಶಾಸ್ತ್ರ ಸಂಘದಿಂದ ಅಂಥದೇ ನಕ್ಷೆಯನ್ನು ಹೊರತಂದನು. ಮೂಲ ಯಾರದೆಂಬ ವಾದ ಅಲ್ಲಿಂದ ಮೊದಲಾಯಿತು. ಗ್ರೀನೋ ಹಲವರಿಂದ ವಿಷಯ ಕೂಡಿಸಿದ್ದನೆಂಬುದು ನಿಜ. ದಾರಿ ತೋರಿದವನ ಹೆಸರು ನಕ್ಷೆಯ ಮೇಲೆ ಇಲ್ಲದಿದ್ದುದು ಮಾತ್ರ ನ್ಯಾಯವಲ್ಲ. 1831ರಲ್ಲಿ ಸಂಘವು ಸ್ಮಿತ್‌ನಿಗೆ ವೊಲಾಸ್ಟನ್ ಪದಕವಿತ್ತಿತು. ಆದರೆ ಗ್ರೀನೋನ ನಕ್ಷೆಯಲ್ಲಿ ಅವನ ಹೆಸರು ಅಚ್ಚಾದುದು 1865ರಲ್ಲಿ. ಅಷ್ಟರಲ್ಲಿ ಇಬ್ಬರೂ ತೀರಿಹೋಗಿದ್ದರು.

ಇದೇ ಗ್ರೀನೋ 1854ರಲ್ಲಿ, ಭಾರತವನ್ನು ಕಾಣದೆಯೇ, ಪರರ ವರದಿಗಳಿಂದ ಭಾರತದ ನಕ್ಷೆಯನ್ನೂ ರಚಿಸಿದನು. ನಮ್ಮ ಸೀಮೆಯ ಬಂಡೆಗಳನ್ನು ಸ್ಥಳದಲ್ಲಿಯೇ ಪರೀಕ್ಷಿಸಿ ಕಿಂಗ್ ಮತ್ತು ಬ್ರೂಸ್ ಫೂಟ್ ಬರೆದ ಗ್ರಂಥವು 1864ರಲ್ಲಿ ಬಂದಿತು. ಫೂಟ್‌ನ ಸ್ಮಾರಕ ಏರ್ಕಾಡಿನ ಚರ್ಚಿನಲ್ಲಿದೆ. ಬೆಟ್ಟ ಹತ್ತುವ ವಾಚಕರು ಮಕ್ಕಳೊಡನೆ ನೋಡಿ ಬರಬಹುದು.