ಸಂಘ ಯಾರಿಗಾಗಿ, ಮುಷ್ಕರ ಯಾವಾಗ?

2023ರ ಮಾರ್ಚ್ 1ರಂದು ರಾಜ್ಯ ಸರಕಾರಿ ನೌಕರರು ಅನಿರ್ದಿಷ್ಟ ಕಾಲದ ಮುಷ್ಕರಕ್ಕೆ ಇಳಿದರು. ದ್ವಿತೀಯ ಪಿಯುಸಿ ಪರೀಕ್ಷೆಗೆ ಎಂಟೇ ದಿನ ಉಳಿದಿತ್ತು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಆ ತಿಂಗಳ ಕೊನೆಯ ದಿನ ಆರಂಭವಾಗುವುದಿತ್ತು. ತಂದೆ ನೌಕರನಾದ ಮನೆಯಲ್ಲಿ ಸಂಬಳದ ಮಾತು, ಒಕ್ಕಲುತನದ ಮನೆಯಲ್ಲಿ ಮಗಳ ಪರೀಕ್ಷೆಯ ಚಿಂತೆ. ಅದೇ ದಿನ ಸರಕಾರ ಮೂಲವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು. ಮುಷ್ಕರ ಹಿಂದಕ್ಕೆ ಹೋಯಿತು.

ಸರಕಾರದ ಸಂಬಳ ಪಡೆಯುವವರು ಸರಕಾರದ ಎದುರಿಗೇ ಸಂಘ ಕಟ್ಟಬಹುದೆ? ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಯೇ ಇದು. ಕಟ್ಟಬಹುದು. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ; ನೌಕರಿ ಸೇರಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಶಾಂತಿಯುತ ಪ್ರದರ್ಶನ ನಡೆಸುವ ಹಕ್ಕನ್ನೂ ಸುಪ್ರೀಂ ಕೋರ್ಟು 1962ರಲ್ಲಿ ಎತ್ತಿ ಹಿಡಿದಿದೆ. ಆದರೆ ಕೆಲಸ ನಿಲ್ಲಿಸುವ ಮಾತು ಬೇರೆ. 2003ರಲ್ಲಿ ತಮಿಳುನಾಡು ಸರಕಾರ ಮುಷ್ಕರ ಹೂಡಿದ ಲಕ್ಷಕ್ಕೂ ಹೆಚ್ಚು ನೌಕರರನ್ನು ಒಮ್ಮೆಲೆ ವಜಾ ಮಾಡಿತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರಕಾರಿ ನೌಕರರಿಗೆ ಮುಷ್ಕರ ಮಾಡುವ ಮೂಲಭೂತ ಹಕ್ಕು ಇಲ್ಲವೆಂದು ಹೇಳಿತು. ಅಂದರೆ ಸಂಘ ಹಕ್ಕು. ಮುಷ್ಕರ ಮಾತ್ರ ಅಪಾಯದ ದಾರಿ. ಸಂಘ ನಡೆಸುವವರು ಈ ಅಂತರವನ್ನು ಮರೆಯುವಂತಿಲ್ಲ.

ಹಾಗಾದರೆ ಮುಷ್ಕರವಿಲ್ಲದ ದಿನಗಳಲ್ಲಿ ಸಂಘಕ್ಕೆ ಏನು ಕೆಲಸ? ನಮ್ಮ ಬೈಲಹೊಂಗಲ ಉಪವಿಭಾಗವನ್ನೇ ನೋಡಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳು ಇದರಲ್ಲಿವೆ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರ್ ದಾರಿ. ಅಲ್ಲಿಯ ಒಬ್ಬ ಜವಾನನ ಸೇವಾ ಪುಸ್ತಕದಲ್ಲಿ ಜನ್ಮ ದಿನಾಂಕ ತಪ್ಪಾಗಿದ್ದರೆ, ಒಬ್ಬ ಶಿಕ್ಷಕಿಯ ಬಡ್ತಿ ತಡೆದಿದ್ದರೆ, ತೀರಿಕೊಂಡ ನೌಕರನ ಹೆಂಡತಿಗೆ ಕುಟುಂಬ ಪಿಂಚಣಿ ಬಾರದೆ ಇದ್ದರೆ, ಅವರು ಒಬ್ಬೊಬ್ಬರೇ ಎಷ್ಟು ಸಲ ರಜೆ ಹಾಕಿ ಓಡಾಡಬೇಕು? ನೂರು ಜನರ ತೊಂದರೆಯನ್ನು ಒಂದು ಮನವಿಯಲ್ಲಿ ಬರೆದು, ಅದರ ಬೆನ್ನು ಹತ್ತಿ, ಉತ್ತರ ಪಡೆಯುವುದೇ ಸಂಘದ ನಿತ್ಯದ ಕಸಬು.

ದೊಡ್ಡ ಬೇಡಿಕೆಗಳೂ ಹೀಗೆಯೇ ಈಡೇರುತ್ತವೆ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೆಯ ವೇತನ ಆಯೋಗ 2022ರ ನವೆಂಬರಿನಲ್ಲಿ ನೇಮಕವಾಯಿತು. 2024ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಹೊಸ ವೇತನ ಜಾರಿಗೆ ಬಂದದ್ದು 2024ರ ಆಗಸ್ಟ್ 1ರಿಂದ. ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು. ಮುಷ್ಕರ ಒಂದು ದಿನದ್ದು. ಅದರಾಚೆಗೆ ಹದಿನೇಳು ತಿಂಗಳು ನಡೆದದ್ದು ಲೆಕ್ಕ, ಕಾಗದ, ಮಾತುಕತೆ. ಘೋಷಣೆ ಕೂಗುವವನಷ್ಟೇ ಬೆಲೆ ಅಂಕಿ ಬರೆಯುವವನಿಗೂ ಉಂಟು.

ಇನ್ನೂ ಬಗೆಹರಿಯಬೇಕಾದ ಬೇಡಿಕೆಗೆ ಪಿಂಚಣಿ ಒಂದು ಉದಾಹರಣೆ. 2006ರ ಏಪ್ರಿಲ್ 1ರಂದು ಮತ್ತು ಅನಂತರ ಸೇವೆಗೆ ಸೇರಿದವರಿಗೆ ಬೇರೆ ಪದ್ಧತಿ ಬಂತು. ಪೂರ್ಣ ಸೇವೆ ಮುಗಿಸಿದ ಹಳಬರಿಗೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ ನಿಶ್ಚಿತ. ಹೊಸಬರು ಸಂಬಳದಿಂದ ತಿಂಗಳು ತಿಂಗಳು ಹಣ ಕಟ್ಟುತ್ತಾರೆ, ಸರಕಾರವೂ ಕೂಡಿಸುತ್ತದೆ; ಕೊನೆಗೆ ಕೈಗೆ ಬರುವುದು ಪೇಟೆಯ ಏರಿಳಿತಕ್ಕೆ ಬಿಟ್ಟದ್ದು. ಒಂದೇ ಶಾಲೆಯಲ್ಲಿ ಅಕ್ಕಪಕ್ಕದ ತರಗತಿಗೆ ಕಲಿಸುವ ಇಬ್ಬರ ಮುಪ್ಪಿನ ಲೆಕ್ಕ ಬೇರೆ ಬೇರೆ. ಹಳಬರು ತಮ್ಮದಲ್ಲದ ಈ ಕಷ್ಟಕ್ಕೆ ದನಿಗೂಡಿಸಿದರೆ ಮಾತ್ರ ಸಂಘ ಎಂಬ ಹೆಸರಿಗೆ ಅರ್ಥ.

ಸಂಘ ಕೆಡುವುದು ಎಲ್ಲಿ? ಮೊದಲನೆಯದು ಲೆಕ್ಕದಲ್ಲಿ. ಸದಸ್ಯರ ವಂತಿಗೆ ಯಾವುದಕ್ಕೆ ಖರ್ಚಾಯಿತೆಂದು ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯಲ್ಲಿ ಓದಿ ಹೇಳಬೇಕು. 1960ರ ಸಂಘಗಳ ನೋಂದಣಿ ಕಾಯ್ದೆ ಬೇಡುವುದೂ ಇದನ್ನೇ. ಎರಡನೆಯದು ವರ್ಗಾವಣೆಯಲ್ಲಿ. ಪದಾಧಿಕಾರಿಯ ಸುತ್ತ ವರ್ಗಾವಣೆ ಬೇಡುವವರೇ ನೆರೆದರೆ ಸಂಘ ವಶೀಲಿಯ ಅಂಗಡಿಯಾಗುತ್ತದೆ. ಮೂರನೆಯದು ಚುನಾವಣೆಯಲ್ಲಿ. ಐದು ವರ್ಷಕ್ಕೊಮ್ಮೆ ತಾಲೂಕಿನಿಂದ ರಾಜ್ಯದವರೆಗೆ ಆಯ್ಕೆ ನಡೆಯುತ್ತದೆ. ತಾಲೂಕಿನಲ್ಲಿ ಇಲಾಖೆವಾರು ಮತ ಹಾಕುತ್ತಾರೆ. ಜಾತಿ ನೋಡಿ, ಊಟ ನೋಡಿ ಮತ ಹಾಕಿದ ನೌಕರನು ಊರ ಮತದಾರನಿಗೆ ಬುದ್ಧಿ ಹೇಳುವ ಯೋಗ್ಯತೆ ಕಳೆದುಕೊಳ್ಳುತ್ತಾನೆ.

ಎಲ್ಲಕ್ಕಿಂತ ದೊಡ್ಡ ಬಂಡವಾಳ ಜನರ ವಿಶ್ವಾಸ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಓಣಿಗಳಿಗೆ ನುಗ್ಗಿತು. ಅಂಥ ದಿನಗಳಲ್ಲಿ ಜನ ಎದುರು ನೋಡುವುದು ತಲಾಠಿಯನ್ನು, ನರ್ಸಮ್ಮನನ್ನು, ಶಾಲೆಯ ಬೀಗ ತೆಗೆದು ಸಂತ್ರಸ್ತರಿಗೆ ಜಾಗ ಮಾಡುವ ಮಾಸ್ತರರನ್ನು. ಅಂದು ಕೈಬಿಡದ ನೌಕರ ಮುಂದೊಂದು ದಿನ ನ್ಯಾಯ ಕೇಳಿದರೆ ರೈತನೂ ಅವನ ಪರ ಮಾತಾಡುತ್ತಾನೆ. ಒಂದು ಉತಾರಕ್ಕೆ ಹತ್ತು ಸಲ ತಿರುಗಿಸಿದವನು ಸಂಬಳ ಸಾಲದೆಂದರೆ ಕಿವಿಗೊಡುವವರು ಯಾರು? ಅದೇ ಕಚೇರಿಯಲ್ಲಿ ಹೊರಗುತ್ತಿಗೆಯ ಮೇಲೆ ಅರ್ಧ ಸಂಬಳಕ್ಕೂ ಕಡಿಮೆಗೆ ದುಡಿಯುವವರನ್ನು, ಅತಿಥಿ ಶಿಕ್ಷಕರನ್ನು ಕಾಯಂ ನೌಕರರು ಮರೆತರೆ ಅದೂ ನ್ಯಾಯವಲ್ಲ.

ವಿದ್ಯಾರ್ಥಿ ಮಿತ್ರರೆ, ನಿಮ್ಮಲ್ಲಿ ಹಲವರು ನಾಳೆ ಈ ಕುರ್ಚಿಗಳಲ್ಲಿ ಕೂಡುವವರು. ಶಾಲೆಯ ಗೆಳೆಯರ ಸಂಘದಲ್ಲಿ, ಗಣೇಶೋತ್ಸವದ ಪಟ್ಟಿ ಎತ್ತುವಲ್ಲಿ ಇಂದೇ ಅಭ್ಯಾಸ ಮಾಡಿ: ಸಭೆಯ ಠರಾವು ಬರೆದಿಡಿ, ಪೈಸೆ ಪೈಸೆಯ ಲೆಕ್ಕ ಗೋಡೆಗೆ ಅಂಟಿಸಿ, ಒಪ್ಪದವನ ಮಾತನ್ನೂ ಕೇಳಿ. ಪಾಲಕರೇ, ನೀವು ನೌಕರರಾಗಿದ್ದರೆ ನಿಮ್ಮ ಸಂಘದ ಬೇಡಿಕೆ ಏನೆಂದು ಮಕ್ಕಳಿಗೆ ಬಿಡಿಸಿ ಹೇಳಿ. ಮಕ್ಕಳೆದುರು ನೆಟ್ಟಗೆ ಹೇಳಲಾಗದ ಬೇಡಿಕೆಯನ್ನು ಸರಕಾರದ ಮುಂದೆಯೂ ಇಡಬಾರದು.